ಸಕ್ಕರೆ ಇಳಿಸಿದ್ದು ಯಾರು?

ಬಿಹಾರದ ಮುಜಫ್ಫರ್‌ಪುರ ಲಿಚಿ ಹಣ್ಣಿಗೆ ಹೆಸರಾದ ಊರು. ಮೇ ತಿಂಗಳ ಕೊನೆಗೆ ಸುಗ್ಗಿ ಶುರುವಾದರೆ ಮಳೆ ಹಿಡಿಯುವವರೆಗೂ ತೋಟದ ತುಂಬ ಹಣ್ಣು. ಬಹಳ ವರ್ಷ ಅದೇ ದಿನಗಳಲ್ಲಿ ಅಲ್ಲೊಂದು ದುರಂತವೂ ಮರುಕಳಿಸುತ್ತಿತ್ತು. ಸಂಜೆಯವರೆಗೆ ಆಡಿಕೊಂಡಿದ್ದ ಮಗು ಬೆಳಗಿನ ಜಾವ ಫಿಟ್ಸ್ ಬಂದು ಪ್ರಜ್ಞೆ ತಪ್ಪುತ್ತಿತ್ತು. ಮಿದುಳು ಜ್ವರ ಇರಬೇಕು, ಸೊಳ್ಳೆ ತಂದ ವೈರಸ್ ಇರಬೇಕು, ಬಿಸಿಲಿನ ಝಳ ಇರಬೇಕು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. 2014ರ ಮೇ 26ರಿಂದ ಜುಲೈ 17ರ ನಡುವೆ ಅಲ್ಲಿನ ಎರಡು ಆಸ್ಪತ್ರೆಗಳಿಗೆ ಹೀಗೆ 390 ಮಕ್ಕಳು ಬಂದರು. ಅವರಲ್ಲಿ 122 ಮಕ್ಕಳು ಉಳಿಯಲಿಲ್ಲ.

ಭಾರತದ ಮತ್ತು ಅಮೆರಿಕದ ರೋಗತನಿಖಾ ತಜ್ಞರು ಕೂಡಿ ಇದರ ಬೆನ್ನು ಹತ್ತಿದರು. ಮಕ್ಕಳ ರಕ್ತ ನೋಡಿದರೆ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಲೆಕ್ಕ ಸಿಕ್ಕ 327 ಮಕ್ಕಳಲ್ಲಿ 204 ಮಕ್ಕಳಿಗೆ ಅದು 70 ಮಿಲಿಗ್ರಾಂ ಅಥವಾ ಇನ್ನೂ ಕಡಿಮೆ. ಹಲವರು ಹಗಲೆಲ್ಲ ತೋಟದಲ್ಲಿ ಲಿಚಿ ತಿಂದು, ರಾತ್ರಿ ಊಟ ಮಾಡದೆ ಮಲಗಿದವರು. ಲಿಚಿಯಲ್ಲಿ ಹೈಪೊಗ್ಲೈಸಿನ್ ಎಂಬ ವಸ್ತುವಿದೆ. ಹೊಟ್ಟೆ ಖಾಲಿಯಿದ್ದಾಗ ದೇಹ ಕೊಬ್ಬನ್ನು ಉರಿಸಿ, ಯಕೃತ್ತಿನಲ್ಲಿ ಹೊಸದಾಗಿ ಸಕ್ಕರೆ ತಯಾರಿಸಿಕೊಂಡು ಬೆಳಗು ಮಾಡುತ್ತದೆ. ಹೈಪೊಗ್ಲೈಸಿನ್ ಆ ಕೆಲಸವನ್ನೇ ನಿಲ್ಲಿಸುತ್ತದೆ. ಬಡತನಕ್ಕೆ ಸೊರಗಿದ ಮಗುವಿನ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಮೊದಲೇ ಕಡಿಮೆ. ಹೊಟ್ಟೆತುಂಬ ಉಂಡು ನಾಲ್ಕು ಲಿಚಿ ತಿನ್ನುವವರಿಗೆ ಇದರಿಂದ ಭಯವಿಲ್ಲ. ತನಿಖೆಯ ವರದಿ 2017ರಲ್ಲಿ ಪ್ರಕಟವಾಯಿತು. ಮಕ್ಕಳಿಗೆ ರಾತ್ರಿ ಊಟ ತಪ್ಪಿಸಬೇಡಿ ಎಂಬುದು ಅದರ ಮುಖ್ಯ ಸಲಹೆಗಳಲ್ಲಿ ಒಂದು.

ಮಧುಮೇಹದ ಗಿಡಮೂಲಿಕೆಗಳ ಅಧ್ಯಾಯ ಲಿಚಿಯಿಂದ ಶುರುವಾಗಲು ಕಾರಣವಿದೆ. "ಈ ಎಲೆ ಶುಗರ್ ಇಳಿಸುತ್ತದೆ" ಎಂದು ಯಾರಾದರೂ ಹೇಳಿದರೆ ನಾವು ಅಲ್ಲಿಗೇ ನಿಂತು ನಂಬಲು, ಇಲ್ಲವೇ ನಗಲು ತಯಾರಾಗುತ್ತೇವೆ. ಸಕ್ಕರೆ ಇಳಿಸುವ ಗಿಡಗಳಿಗೆ ಪ್ರಪಂಚದಲ್ಲಿ ಬರವಿಲ್ಲ, ವಿಷವೂ ಸಕ್ಕರೆ ಇಳಿಸುತ್ತದೆ. ಕಷ್ಟವಿರುವುದು ಮುಂದಿನ ಪ್ರಶ್ನೆಗಳಲ್ಲಿ. ಇಳಿಸಿದ್ದು ಆ ಎಲೆಯೇ ಹೌದೇ? ಎಷ್ಟು ಕೊಟ್ಟರೆ ಎಷ್ಟು ಇಳಿಯುತ್ತದೆ? ಇಳಿದದ್ದರಿಂದ ರೋಗಿಗೆ ಒಳ್ಳೆಯದಾಯಿತೇ?

ಗಲೇಗದ ಎಲೆ, ಮೆಟ್‌ಫಾರ್ಮಿನ್ ಗುಳಿಗೆ

ಈ ಮೂರು ಪ್ರಶ್ನೆಗಳನ್ನೂ ದಾಟಿ ಬಂದ ಮದ್ದೊಂದರ ಹಿಂದೆ ಗಿಡವೊಂದಿದೆ. ಹೆಸರು ಗಲೇಗ ಅಫಿಷಿನಾಲಿಸ್. ಯುರೋಪಿನ ದಕ್ಷಿಣಕ್ಕೂ ಪಶ್ಚಿಮ ಏಷ್ಯಾಕ್ಕೂ ಸೇರಿದ, ಅವರೆ-ತೊಗರಿಯ ಕುಟುಂಬದ ಹೂಗಿಡ. ಹಳೆಯ ಯುರೋಪಿನ ನಾಟಿ ವೈದ್ಯರು ಇದನ್ನು ಬಳಸುತ್ತಿದ್ದರು. ಕುರಿ ಮೇಯಿಸುವವರಿಗೆ ಇದು ಬೇರೆಯೇ ರೀತಿಯಲ್ಲಿ ಪರಿಚಿತ, ಹೆಚ್ಚು ಮೇದ ಕುರಿಗಳು ಸಾಯುತ್ತವೆ.

1918ರಲ್ಲಿ ವಾತಾನಾಬೆ ಎಂಬ ಸಂಶೋಧಕರು ಗ್ವಾನಿಡೀನ್ ಎಂಬ ರಾಸಾಯನಿಕ ಕೊಟ್ಟರೆ ಮೊಲಗಳ ರಕ್ತದ ಸಕ್ಕರೆ ಇಳಿಯುತ್ತದೆಂದು ತೋರಿಸಿದರು. ಗಲೇಗದಲ್ಲಿರುವ ಗಲೆಗಿನ್ ಇದೇ ವಂಶದ್ದು. 1920ರ ದಶಕದಲ್ಲಿ ಗಲೆಗಿನ್ ಅನ್ನು ರೋಗಿಗಳಿಗೂ ಕೊಟ್ಟು ನೋಡಿದರು. ಸಕ್ಕರೆ ಇಳಿಯಿತು, ಆದರೆ ಮದ್ದಿನ ಅಳತೆಗೂ ವಿಷದ ಅಳತೆಗೂ ನಡುವೆ ಅಂತರ ತೀರ ಕಡಿಮೆ. ಅದನ್ನು ಅಲ್ಲಿಗೇ ಬಿಟ್ಟರು. 1922ರಲ್ಲಿ ಡಬ್ಲಿನ್‌ನಲ್ಲಿ ವರ್ನರ್ ಮತ್ತು ಬೆಲ್ ಎಂಬ ರಸಾಯನಜ್ಞರು ಗ್ವಾನಿಡೀನ್‌ನ ಎರಡು ತುಂಡು ಜೋಡಿಸಿದಂತಹ ಅಣುವೊಂದನ್ನು ತಯಾರಿಸಿದರು. ಅದೇ ವರ್ಷ ಟೊರಾಂಟೊದಲ್ಲಿ ಇನ್ಸುಲಿನ್ ಮೊದಲ ಬಾರಿಗೆ ರೋಗಿಯ ಮೈ ಸೇರಿತ್ತು, ಜಗತ್ತಿನ ಕಣ್ಣೆಲ್ಲ ಅತ್ತ. ಡಬ್ಲಿನ್‌ನ ಅಣುವಿಗೆ ಅದೃಷ್ಟ ಕೂಡಿಬಂದದ್ದು 1957ರಲ್ಲಿ, ಪ್ಯಾರಿಸ್‌ನ ವೈದ್ಯ ಜಾನ್ ಸ್ಟರ್ನ್ ಅದನ್ನು ಮಧುಮೇಹಿಗಳಿಗೆ ಕೊಟ್ಟು ಫಲ ಕಂಡಾಗ. ಇಂದು ನಮ್ಮ ಮನೆಗಳಲ್ಲಿ ಊಟದ ತಟ್ಟೆಯ ಪಕ್ಕ ಇರುವ ಮೆಟ್‌ಫಾರ್ಮಿನ್ ಅದೇ.

ಕತೆ ಇಲ್ಲಿಗೆ ಮುಗಿಯುವುದಿಲ್ಲ. ಮೆಟ್‌ಫಾರ್ಮಿನ್‌ನ ಒಡಹುಟ್ಟಿದಂತಿದ್ದ ಫೆನ್‌ಫಾರ್ಮಿನ್ ಕೂಡ ಸಕ್ಕರೆಯನ್ನು ಚೆನ್ನಾಗಿಯೇ ಇಳಿಸುತ್ತಿತ್ತು. ಕೆಲವರಲ್ಲಿ ಅದು ರಕ್ತದ ಲ್ಯಾಕ್ಟಿಕ್ ಆಮ್ಲವನ್ನು ಏರಿಸಿ ಪ್ರಾಣ ತೆಗೆಯಿತು. 1977ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ತೆಗೆದರು. ಭಾರತದಲ್ಲಿ ನಿಷೇಧವಾಗಲು 2003 ಆಗಬೇಕಾಯಿತು. ಮೆಟ್‌ಫಾರ್ಮಿನ್‌ಗೆ ಪೂರ್ತಿ ಮರ್ಯಾದೆ ಬಂದದ್ದು 1998ರಲ್ಲಿ. ಬ್ರಿಟನ್ನಿನ ದೊಡ್ಡ ಪ್ರಯೋಗವೊಂದರಲ್ಲಿ ಬೊಜ್ಜಿನ ಮೈಯ 753 ಮಧುಮೇಹಿಗಳನ್ನು ಹತ್ತು ವರ್ಷಕ್ಕೂ ಮೇಲ್ಪಟ್ಟು ಗಮನಿಸಿದ್ದರು. ಪಥ್ಯವನ್ನಷ್ಟೇ ನೆಚ್ಚಿಕೊಂಡವರಿಗಿಂತ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಒಟ್ಟು ಸಾವು ಶೇಕಡ 36ರಷ್ಟು ಕಡಿಮೆಯಾಗಿತ್ತು. ವಾತಾನಾಬೆಯ ಮೊಲಗಳಿಂದ ಈ ಲೆಕ್ಕ ಸಿಗುವವರೆಗೆ 80 ವರ್ಷ.

ಗಿಡಮೂಲಿಕೆಯ ಅಭಿಮಾನಿಗಳು ಮೆಟ್‌ಫಾರ್ಮಿನ್ ಗಿಡದಿಂದ ಬಂತೆಂದು ಹೆಮ್ಮೆಪಡುತ್ತಾರೆ, ತಪ್ಪೇನಿಲ್ಲ. ಗಲೇಗದ ಎಲೆಯ ಕಷಾಯ ಮಾತ್ರ ಎಂದೂ ಮದ್ದಾಗಲಿಲ್ಲ ಎಂಬುದನ್ನೂ ಜೊತೆಗೆ ನೆನಪಿಡಬೇಕು. ಗಿಡ ಸುಳಿವು ಕೊಟ್ಟಿತು. ಮದ್ದು ಮಾಡಿದ್ದು ರಸಾಯನಶಾಲೆ ಮತ್ತು ರೋಗಿಗಳ ಮೇಲಿನ ತಾಳ್ಮೆಯ ಪರೀಕ್ಷೆ.

ಯಾವ ಗಿಡ, ಯಾವ ಭಾಗ, ಎಷ್ಟು?

ಪರೀಕ್ಷೆ ಮಾಡಬೇಕೆಂದು ಹೊರಟರೆ ಮೊದಲ ತೊಡಕು ಗ್ರಂಧಿಗೆ ಅಂಗಡಿಯಲ್ಲೇ ಎದುರಾಗುತ್ತದೆ. ಪೊಟ್ಟಣದಲ್ಲಿರುವ ಪುಡಿ ಯಾವ ಗಿಡದ್ದೆಂದು ಕಣ್ಣಿಂದ ಹೇಳಲಾಗುವುದಿಲ್ಲ. ಅದಕ್ಕಾಗಿಯೇ ಸಂಶೋಧಕರು ತಾವು ಬಳಸಿದ ಗಿಡದ ಒಂದು ರೆಂಬೆಯನ್ನು ಹೂ-ಎಲೆ ಸಮೇತ ಒಣಗಿಸಿ, ಹಾಳೆಗೆ ಅಂಟಿಸಿ, ಸಂಖ್ಯೆ ಕೊಟ್ಟು ಸಸ್ಯಸಂಗ್ರಹಾಲಯದಲ್ಲಿ ಇಡುತ್ತಾರೆ. ಬೆಂಗಳೂರಿನ ಯಲಹಂಕದ ಬಳಿ ಔಷಧಿ ಸಸ್ಯಗಳಿಗೇ ಮೀಸಲಾದ ಅಂಥ ಸಂಗ್ರಹವಿದೆ. ನಾಳೆ ಯಾರಾದರೂ ಫಲಿತಾಂಶವನ್ನು ಸಂಶಯಿಸಿದರೆ ಆ ಹಾಳೆಯೇ ಸಾಕ್ಷಿ.

ಗಿಡ ಸರಿಯಿದ್ದರೂ ಅಳತೆಯ ಪ್ರಶ್ನೆ ಉಳಿಯುತ್ತದೆ. ಹೊನ್ನೆಮರದ ಲೋಟ ನೋಡಿ. ರಾತ್ರಿ ನೀರು ತುಂಬಿಟ್ಟರೆ ಬೆಳಗ್ಗೆ ಅದು ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅದನ್ನು ಖಾಲಿ ಹೊಟ್ಟೆಗೆ ಕುಡಿಯುತ್ತಾರೆ. ಹೊಸ ಲೋಟದ ನೀರು ಗಾಢ. ದಿನ ಕಳೆದಂತೆ ಬಣ್ಣ ತೆಳುವಾಗುತ್ತ ಹೋಗಿ, ಒಂದು ದಿನ ನೀರು ನೀರಾಗಿಯೇ ಉಳಿಯುತ್ತದೆ. ಮರದಿಂದ ನೀರಿಗೆ ಇಳಿಯುವ ಸತ್ವ ದಿನದಿನಕ್ಕೂ ಬೇರೆ ಎಂದಾಯಿತು. ಮೊದಲ ವಾರದ ಲೋಟವೂ ಮೂರನೇ ತಿಂಗಳ ಲೋಟವೂ ಒಂದೇ ಮದ್ದಲ್ಲ. ಹೀಗಿರುವಾಗ "ಹೊನ್ನೆ ಲೋಟದಿಂದ ಶುಗರ್ ಇಳಿಯಿತು" ಎಂಬ ಮಾತನ್ನು ಪರೀಕ್ಷಿಸುವುದು ಹೇಗೆ? ಹಾಗಾಗಿಯೇ ಪ್ರಯೋಗಗಳಲ್ಲಿ ಲೋಟ ಬಿಟ್ಟು, ಗ್ರಾಂ ಲೆಕ್ಕದಲ್ಲಿ ತೂಗಿ ಕೊಡಬಹುದಾದ ರೂಪಕ್ಕೆ ಹೋಗುತ್ತಾರೆ.

ಮೆಂತ್ಯದ ವಿಷಯದಲ್ಲಿ ಈ ಅಳತೆಯ ಮಾತು ಇನ್ನೂ ಸ್ಪಷ್ಟ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಎಲ್ಲೆಡೆ ಉಲ್ಲೇಖವಾಗುತ್ತದೆ. ಇನ್ಸುಲಿನ್ ಮೇಲಿದ್ದ ಟೈಪ್ 1 ರೋಗಿಗಳಿಗೆ ಮೆಂತ್ಯ ಸೇರಿದ ಊಟ ಮತ್ತು ಸೇರದ ಊಟ ಹತ್ತತ್ತು ದಿನ ಕೊಟ್ಟರು. ಮೆಂತ್ಯ ತಿಂದ ದಿನಗಳಲ್ಲಿ ಮೂತ್ರದಲ್ಲಿ ಹೋಗುವ ಸಕ್ಕರೆ ಶೇಕಡ 54ರಷ್ಟು ಇಳಿಯಿತು. ಆದರೆ ಅವರು ಕೊಟ್ಟದ್ದು ದಿನಕ್ಕೆ 100 ಗ್ರಾಂ, ಎಣ್ಣೆ ತೆಗೆದ ಮೆಂತ್ಯದ ಹಿಟ್ಟು. ಅರ್ಧ ಮಧ್ಯಾಹ್ನದ ಊಟದಲ್ಲಿ, ಅರ್ಧ ರಾತ್ರಿಯದರಲ್ಲಿ. ನಾವು ರಾತ್ರಿ ನೆನೆಹಾಕುವುದು ಒಂದು ಚಮಚ.

ಆ ಚಮಚ ಮೆಂತ್ಯ ಬೆಳಗ್ಗೆ ಏನಾಗಿರುತ್ತದೆಂದು ಎಲ್ಲರೂ ನೋಡಿದ್ದೇವೆ. ಕಾಳು ಉಬ್ಬಿ, ನೀರೆಲ್ಲ ಲೋಳೆಯಾಗಿರುತ್ತದೆ. ಆ ಲೋಳೆ ಗ್ಯಾಲಕ್ಟೊಮನ್ನನ್ ಎಂಬ ನಾರು. ಕರುಳಿನಲ್ಲೂ ಅದು ಹೀಗೆಯೇ ಉಬ್ಬಿಕೊಂಡು ಅನ್ನ-ಮುದ್ದೆಯ ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಮೆಂತ್ಯದ ಗುಣದ ದೊಡ್ಡ ಪಾಲು ಈ ನಾರಿನದು. ಹಾಗಾದರೆ ಅದನ್ನು ಊಟದ ಜೊತೆಗೆ ತಿನ್ನಬೇಕು, ಸಾಕಷ್ಟು ತಿನ್ನಬೇಕು. ಕಾಳನ್ನು ಸೋಸಿ ಎಸೆದು ಮೇಲಿನ ತಿಳಿನೀರನ್ನಷ್ಟೇ ಖಾಲಿ ಹೊಟ್ಟೆಗೆ ಕುಡಿಯುವವರಿಗೆ ಹೈದರಾಬಾದಿನ ಫಲಿತಾಂಶ ಅನ್ವಯಿಸುವುದಿಲ್ಲ.

ಇಲಿಗೆ ವಾಸಿಯಾದರೆ ನಮಗೇನು?

ಕರಾವಳಿಯಿಂದ ಬಯಲುಸೀಮೆಯವರೆಗೆ ಎಷ್ಟೋ ಮನೆಯ ಹಿತ್ತಲಲ್ಲಿ, ಕುಂಡದಲ್ಲಿ ಈಗ ಇನ್ಸುಲಿನ್ ಗಿಡವಿದೆ. ಕಾಂಡದ ಸುತ್ತ ಸುರುಳಿಯಾಗಿ ಏರುವ ದಪ್ಪ ಎಲೆ, ಕಿತ್ತಳೆ ಹೂ, ಎಲೆ ಅಗಿದರೆ ಹುಳಿ. ನಮ್ಮ ಹಳೆಯ ವೈದ್ಯಗ್ರಂಥಗಳಲ್ಲಿ ಇದನ್ನು ಹುಡುಕಿ ಫಲವಿಲ್ಲ, ಇದರ ತವರು ದಕ್ಷಿಣ ಅಮೆರಿಕ. ದಿನಕ್ಕೊಂದು ಎಲೆ ತಿಂದರೆ ಇನ್ಸುಲಿನ್ ಚುಚ್ಚಿಕೊಳ್ಳುವುದು ಬೇಡವಂತೆ ಎಂಬ ಮಾತು ಗಿಡದ ಜೊತೆಗೇ ಬೇಲಿ ದಾಟುತ್ತದೆ. ನಿಜವಾದ ಇನ್ಸುಲಿನ್ 51 ಅಮೈನೋ ಆಮ್ಲಗಳ ಪ್ರೋಟೀನು. ಎಲೆಯಲ್ಲಿ ಅದು ಇದ್ದರೂ ನುಂಗಿದ ಮೇಲೆ ಜಠರದಲ್ಲಿ ಜೀರ್ಣವಾಗಿಬಿಡುತ್ತದೆ, ಇನ್ಸುಲಿನ್ ಅನ್ನು ಚುಚ್ಚಿಕೊಳ್ಳುವುದೇ ಆ ಕಾರಣಕ್ಕೆ. ಎಲೆಯಲ್ಲಿ ಬೇರೇನಾದರೂ ಗುಣವಿದೆಯೇ ಎಂಬುದು ಬೇರೆ ಪ್ರಶ್ನೆ, ಕೇಳಲು ಯೋಗ್ಯವಾದ ಪ್ರಶ್ನೆ.

ಮಂಗಳೂರಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಸಂಶೋಧಕರು ಅದನ್ನು ಕೇಳಿದರು. ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಕೊಟ್ಟು ಇಲಿಗಳ ಸಕ್ಕರೆ ಏರಿಸಿ, ಆಮೇಲೆ ಈ ಎಲೆ ಕೊಟ್ಟರು. ಸಕ್ಕರೆ ಇಳಿಯಿತು. 2010ರಲ್ಲಿ ಪ್ರಕಟವಾದ ಈ ಕೆಲಸ ಪರೀಕ್ಷೆಯ ಮೊದಲ ಮೆಟ್ಟಿಲು. ಗಿಡಮೂಲಿಕೆಗಳ ಮೇಲಿನ ಸಂಶೋಧನೆಯ ಬಹುಪಾಲು ಈ ಮೆಟ್ಟಿಲಲ್ಲೇ ಕೂತುಬಿಟ್ಟಿದೆ.

ಇಲಿಯಲ್ಲಿ ಮಧುಮೇಹ ತಾನಾಗಿ ಬರುವುದು ಅಪರೂಪ, ನಾವೇ ತರಿಸಬೇಕು. ಅದಕ್ಕೆ ಹೆಚ್ಚಾಗಿ ಅಲೋಕ್ಸಾನ್ ಅಥವಾ ಸ್ಟ್ರೆಪ್ಟೊಜೊಟೊಸಿನ್ ಎಂಬ ವಿಷಗಳನ್ನು ಚುಚ್ಚುತ್ತಾರೆ. ಇವು ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನೇ ಕೊಲ್ಲುತ್ತವೆ. ನಮ್ಮ ಸುತ್ತಲಿನ ಮಧುಮೇಹಿಗಳಲ್ಲಿ ಹೆಚ್ಚಿನವರು ಟೈಪ್ 2. ಅವರಲ್ಲಿ ಇನ್ಸುಲಿನ್ ಇದೆ, ದೇಹ ಅದರ ಮಾತು ಕೇಳುತ್ತಿಲ್ಲ. ರೋಗವೇ ಬೇರೆಯಾದಾಗ ಮದ್ದಿನ ಫಲ ಒಂದೇ ಇರಬೇಕಿಲ್ಲ. ಅಲೋಕ್ಸಾನ್ ಕೊಟ್ಟ ಕೆಲವು ಇಲಿಗಳು ಯಾವ ಮದ್ದೂ ಇಲ್ಲದೆ ಚೇತರಿಸಿಕೊಳ್ಳುವುದೂ ಉಂಟು, ಆಗ ಹೆಸರು ಬರುವುದು ಎಲೆಗೆ.

ಅಳತೆಯ ಲೆಕ್ಕವೂ ನೇರವಲ್ಲ. ಇಲಿಗೆ ಒಂದು ಕೆಜಿ ತೂಕಕ್ಕೆ 500 ಮಿಲಿಗ್ರಾಂ ಎಲೆಪುಡಿ ಕೊಟ್ಟರು ಎಂದುಕೊಳ್ಳಿ. 60 ಕೆಜಿಯ ಮನುಷ್ಯನಿಗೆ 30 ಗ್ರಾಂ ಎಂದು ಗುಣಿಸುವಂತಿಲ್ಲ. ಸಣ್ಣ ಪ್ರಾಣಿಯ ದೇಹ ಮದ್ದನ್ನು ಬೇಗ ಕರಗಿಸುತ್ತದೆ. ಅದಕ್ಕೆ ಸರಿದೂಗಿಸಲು ಇಲಿಯ ಅಳತೆಯನ್ನು ಸುಮಾರು 6.2ರಿಂದ ಭಾಗಿಸುವುದು ರೂಢಿ. ಆಗ ಬರುವುದು ಸುಮಾರು 5 ಗ್ರಾಂ ಒಣಪುಡಿ. ಇದೂ ಎಲ್ಲಿಂದ ಆರಂಭಿಸಬೇಕೆಂಬ ಅಂದಾಜು ಮಾತ್ರ. ಮನುಷ್ಯರಿಗೆ ಎಷ್ಟು ಬೇಕೆಂಬುದನ್ನು ಮನುಷ್ಯರಲ್ಲೇ ಕಂಡುಕೊಳ್ಳಬೇಕು.

ಹೋಲಿಕೆ ಇಲ್ಲದ ಇಳಿಕೆ

ಮನುಷ್ಯರಿಗೆ ಕೊಟ್ಟು ನೋಡಿದರೆ ಗೊತ್ತಾಗುವುದಿಲ್ಲವೇ? ಶುಗರ್ 280 ಇತ್ತು, ಮಧುನಾಶಿನಿ ಶುರು ಮಾಡಿದೆ, ತಿಂಗಳ ನಂತರ 190 ಬಂತು. ಇದಕ್ಕಿಂತ ಸಾಕ್ಷಿ ಬೇಕೇ?

ಬೇಕು. ಆ 90ರ ಇಳಿಕೆಗೆ ಪಾಲುದಾರರು ಬಹಳ ಮಂದಿ. ಯಾರೂ ಶುಗರ್ ಚೆನ್ನಾಗಿರುವಾಗ ಹೊಸ ಮದ್ದು ಹುಡುಕುವುದಿಲ್ಲ. ರಿಪೋರ್ಟು ಕಂಡು ಎದೆ ಧಸಕ್ಕೆಂದಾಗ ಹುಡುಕುತ್ತಾರೆ. ಏರಿಳಿಯುವ ಯಾವುದೇ ಅಳತೆ ತೀರ ಮೇಲಿದ್ದ ದಿನದ ನಂತರ ಸಾಮಾನ್ಯವಾಗಿ ಕೆಳಗೇ ಬರುತ್ತದೆ, ಏನೂ ಮಾಡದಿದ್ದರೂ. ಇದು ಒಂದನೇ ಪಾಲುದಾರ. ಹೆದರಿದವರು ಎಲೆ ತಿನ್ನುವ ಜೊತೆಗೆ ಬೆಳಗ್ಗೆ ನಡೆಯುತ್ತಾರೆ, ಕಾಫಿಗೆ ಸಕ್ಕರೆ ಬಿಡುತ್ತಾರೆ, ಮರೆಯುತ್ತಿದ್ದ ಗುಳಿಗೆಯನ್ನೂ ನೆನಪಿಟ್ಟು ನುಂಗುತ್ತಾರೆ. ಇದು ಎರಡನೆಯದು. ಮೂರನೆಯದು ಕೈಯಲ್ಲಿರುವ ಮೀಟರು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರವೇ ಗ್ಲುಕೋಮೀಟರ್ ಶೇಕಡ 15ರಷ್ಟು ಆಚೀಚೆ ತೋರಿಸಬಹುದು. ರಕ್ತದಲ್ಲಿ ನಿಜವಾಗಿ 200 ಇದ್ದರೆ ಅದು 170 ಎಂದರೂ ಪಾಸು, 230 ಎಂದರೂ ಪಾಸು.

ಈ ಪಾಲುದಾರರನ್ನು ಬೇರ್ಪಡಿಸುವ ಉಪಾಯ ಸರಳ. ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ. ಒಂದು ಗುಂಪಿಗೆ ಮದ್ದು, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿ ಗುಳಿಗೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿರಬಾರದು, ಅಳೆಯುವ ವೈದ್ಯರಿಗೂ ಗೊತ್ತಿರಬಾರದು. ಹೆದರಿಕೆ, ನಡಿಗೆ, ಪಥ್ಯ, ಮೀಟರಿನ ತಪ್ಪು ಎಲ್ಲವೂ ಎರಡೂ ಗುಂಪಿಗೆ ಸಮವಾಗಿ ಹಂಚಿಹೋಗುತ್ತವೆ. ಕೊನೆಗೆ ಗುಂಪುಗಳ ನಡುವೆ ಉಳಿಯುವ ವ್ಯತ್ಯಾಸವಷ್ಟೇ ಮದ್ದಿನ ಗಳಿಕೆ. ಅಳೆಯಲು ಎಚ್‌ಬಿಎ1ಸಿ ಇದೆ. ರಕ್ತದ ಕೆಂಪುಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ಕಾಲವೂ ಸಕ್ಕರೆ ಅದರ ಹಿಮೋಗ್ಲೋಬಿನ್‌ಗೆ ಅಂಟುತ್ತ ಹೋಗುತ್ತದೆ. ಹಾಗಾಗಿ ಈ ಪರೀಕ್ಷೆ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಹೇಳುತ್ತದೆ. ಪರೀಕ್ಷೆಯ ಹಿಂದಿನ ದಿನ ಉಪವಾಸವಿದ್ದು ಇದನ್ನು ಏಮಾರಿಸಲಾಗದು.

ಮಧುನಾಶಿನಿಯ ವಿಷಯದಲ್ಲಿ ಈ ಗುಟ್ಟು ಕಾಪಾಡುವುದೇ ಕಷ್ಟ. ಸಣ್ಣಗೆರಸೆ ಎಂದೂ ಕರೆಯುವ ಈ ಬಳ್ಳಿಯ ಎಲೆಯನ್ನು ಚೆನ್ನಾಗಿ ಅಗಿದು, ಬಾಯಿ ಮುಕ್ಕಳಿಸಿ, ನಾಲಿಗೆಯ ಮೇಲೆ ಸಕ್ಕರೆ ಹಾಕಿಕೊಂಡರೆ ಮರಳು ಇಟ್ಟಂತಿರುತ್ತದೆ. ಕರಗುವುದು ತಿಳಿಯುತ್ತದೆ, ಸಿಹಿಯ ಸುಳಿವೇ ಇಲ್ಲ. ಉಪ್ಪು, ಹುಳಿ ಎಂದಿನಂತೆಯೇ. ಎಲೆಯ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿಗ್ರಾಹಕಕ್ಕೆ ಅಂಟಿಕೊಂಡು ಅದನ್ನು ಅಷ್ಟು ಹೊತ್ತು ಕಟ್ಟಿಹಾಕುತ್ತವೆ. ಎಲೆ ಅಗಿದವನಿಗೆ ತನಗೆ ಸಿಕ್ಕಿದ್ದು ಮದ್ದೆಂದು ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಸಿಹಿ ರುಚಿಸದೆ ಅವನು ಜಾಮೂನು ಬಿಟ್ಟರೆ ಶುಗರ್ ಇಳಿದದ್ದು ನಾಲಿಗೆಯಿಂದಲೋ ರಕ್ತದೊಳಗಿನ ಗುಣದಿಂದಲೋ ಹೇಳಲಾಗದು. ನಾಲಿಗೆಗೆ ತಾಗದಂತೆ ಕ್ಯಾಪ್ಸೂಲಿನಲ್ಲಿ ಕೊಟ್ಟರಷ್ಟೇ ಎರಡನ್ನೂ ಬಿಡಿಸಬಹುದು.

ಮದ್ರಾಸ್ ವಿಶ್ವವಿದ್ಯಾಲಯದ ತಂಡ ಈ ಎಲೆಯ ಸಾರವನ್ನು ದಿನಕ್ಕೆ 400 ಮಿಲಿಗ್ರಾಂನಂತೆ 22 ಟೈಪ್ 2 ರೋಗಿಗಳಿಗೆ 18ರಿಂದ 20 ತಿಂಗಳು ಕೊಟ್ಟಿತ್ತು. ಐವರು ಮಾಮೂಲಿ ಗುಳಿಗೆ ಬಿಟ್ಟೂ ಸಕ್ಕರೆಯನ್ನು ಹಿಡಿತದಲ್ಲಿ ಇಟ್ಟುಕೊಂಡರೆಂದು 1990ರಲ್ಲಿ ವರದಿಯಾಯಿತು. ಆಸೆ ಹುಟ್ಟಿಸುವ ಫಲಿತಾಂಶವೇ ಸರಿ. ಆದರೆ ಚೀಟಿ ಎತ್ತಿ ಗುಂಪು ಮಾಡಿರಲಿಲ್ಲ. ಹೊನ್ನೆಯ ಕತೆಯೂ ಹೀಗೆಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಎಂದರೆ ಐಸಿಎಂಆರ್, ನಾಲ್ಕು ಕೇಂದ್ರಗಳಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 97 ರೋಗಿಗಳಲ್ಲಿ 67 ಮಂದಿಗೆ 12 ವಾರಗಳಲ್ಲಿ ಸಕ್ಕರೆ ಹಿಡಿತಕ್ಕೆ ಬಂತು. ಎಲ್ಲರಿಗೂ ಹೊನ್ನೆಯನ್ನೇ ಕೊಟ್ಟಿದ್ದರು, ಪಕ್ಕದಲ್ಲಿಟ್ಟು ನೋಡಲು ಇನ್ನೊಂದು ಗುಂಪಿರಲಿಲ್ಲ. 67ರಲ್ಲಿ ಹೊನ್ನೆಯ ಪಾಲೆಷ್ಟು, ಮೇಲೆ ಹೇಳಿದ ಪಾಲುದಾರರದೆಷ್ಟು ಎಂದು ಆ ಪ್ರಯೋಗದಿಂದ ತಿಳಿಯುವಂತಿಲ್ಲ.

ಹಾಗಲ, ದಾಲ್ಚಿನ್ನಿ, ನೇರಳೆ

ಹೋಲಿಕೆಯ ಗುಂಪಿಟ್ಟು ನೋಡಿದವುಗಳ ಗತಿ ಏನಾಯಿತು?

ಹಾಗಲಕಾಯಿಯನ್ನು ಫಿಲಿಪೀನ್ಸ್‌ನಲ್ಲಿ 40 ರೋಗಿಗಳ ಮೇಲೆ ಮೂರು ತಿಂಗಳು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಕ್ಯಾಪ್ಸೂಲ್ ತೆಗೆದುಕೊಂಡವರ ಎಚ್‌ಬಿಎ1ಸಿ ಹುಸಿ ಗುಳಿಗೆಯವರಿಗಿಂತ 0.22ರಷ್ಟು ಕಡಿಮೆ, ಅದೃಷ್ಟದಿಂದಲೂ ಬರಬಹುದಾದಷ್ಟು ಸಣ್ಣ ವ್ಯತ್ಯಾಸ. ಹಾಗಲ ಸೋತಿತು ಎನ್ನಬಹುದೇ? ಪೂರ್ತಿ ಹಾಗೂ ಅಲ್ಲ. ಆ ಪ್ರಯೋಗವನ್ನು ಒಂದು ಪೂರ್ಣ ಅಂಶದ ಇಳಿಕೆ ಹಿಡಿಯಲೆಂದು ಹೆಣೆದಿದ್ದರು. ಅಷ್ಟೇ ಮಂದಿಯಿಂದ ಸಣ್ಣ ಗುಣವನ್ನು ಅಳೆಯುವುದು ಅಕ್ಕಿ ಮೂಟೆಯ ತಕ್ಕಡಿಯಲ್ಲಿ ಏಲಕ್ಕಿ ತೂಗಿದಂತೆ. 2011ರಲ್ಲಿ ಥಾಯ್ಲೆಂಡ್‌ನಿಂದ ಬಂದ ನಾಲ್ಕು ವಾರದ ಪ್ರಯೋಗದಲ್ಲಿ ದಿನಕ್ಕೆ 2 ಗ್ರಾಂ ಹಾಗಲ ಸ್ವಲ್ಪ ಗುಣ ತೋರಿತು, ಮೆಟ್‌ಫಾರ್ಮಿನ್‌ನಷ್ಟು ಅಲ್ಲ. ಚೀಟಿ ಎತ್ತಿ ಮಾಡಿದ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ತೂಗುವ ಕೊಕ್ರೇನ್ ಸಂಸ್ಥೆ 2012ರಲ್ಲಿ ಹಾಗಲದ ಲೆಕ್ಕ ತೆಗೆದಾಗ ಸಿಕ್ಕಿದ್ದು ನಾಲ್ಕು ಪ್ರಯೋಗ, 479 ರೋಗಿಗಳು. ಮದ್ದೆಂದು ಶಿಫಾರಸು ಮಾಡಲು ಇಷ್ಟು ಪುರಾವೆ ಸಾಲದು ಎಂಬುದು ಅದರ ತೀರ್ಪು.

ದಾಲ್ಚಿನ್ನಿಯದು ಅಬ್ಬರದ ಆರಂಭ. 2003ರಲ್ಲಿ ಪೇಶಾವರದ ಸಂಶೋಧಕರು 60 ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ 40 ದಿನಕ್ಕೆ ಖಾಲಿ ಹೊಟ್ಟೆಯ ಸಕ್ಕರೆ ಶೇಕಡ 18ರಿಂದ 29ರಷ್ಟು ಇಳಿದಿತ್ತು. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. 2006ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮುಟ್ಟು ನಿಂತ ಮಧುಮೇಹಿ ಹೆಂಗಸರಿಗೆ ಕೊಟ್ಟು ನೋಡಿದಾಗ ಏನೂ ಆಗಲಿಲ್ಲ. 2012ರ ಕೊಕ್ರೇನ್ ಲೆಕ್ಕದಲ್ಲಿ 10 ಪ್ರಯೋಗ, 577 ರೋಗಿಗಳು, ಮತ್ತೆ ಅದೇ ತೀರ್ಪು. ಮೊದಲ ಪ್ರಯೋಗದ ಸುದ್ದಿ ಓದಿದ ಎಷ್ಟು ಮಂದಿ ಆಮೇಲಿನದನ್ನು ಓದಿರಬಹುದು?

ನೇರಳೆಯದು ಬೇರೆಯೇ ದಾರಿ. ನಮ್ಮ ನೇರಳೆ ಸಾಗರ ದಾಟಿ ಬ್ರೆಜಿಲ್‌ನಲ್ಲಿ ಬೇರು ಬಿಟ್ಟಿದೆ, ಮಧುಮೇಹದ ಮದ್ದೆಂಬ ಕೀರ್ತಿಯೂ ಅದರ ಜೊತೆಗೇ ಹೋಗಿದೆ. ಅಲ್ಲಿನ ಜನ ಹೆಚ್ಚಾಗಿ ಎಲೆಯ ಚಹಾ ಕುಡಿಯುತ್ತಾರೆ. ಪೋರ್ಟೊ ಅಲೆಗ್ರೆಯ ಸಂಶೋಧಕ ಕ್ಲೌಡಿಯೊ ಟೆಶೇರಾ ಮತ್ತು ಜೊತೆಗಾರರು ಮೊದಲು ಯಾವ ಗಿಡವನ್ನು ಜನ ಹೆಚ್ಚು ಬಳಸುತ್ತಾರೆಂದು ವಿಚಾರಿಸಿದರು. ನೇರಳೆ ಎಂದು ತಿಳಿಯಿತು. ಇಲಿಗಳಿಗೆ ಕೊಟ್ಟರು, ಆರೋಗ್ಯವಂತರಿಗೆ ಕೊಟ್ಟರು, ಕೊನೆಗೆ ರೋಗಿಗಳಿಗೆ ಕೊಟ್ಟರು. ಚಹಾಕ್ಕೊಂದು ಹುಸಿ ಚಹಾ, ಮಧುಮೇಹದ ಗ್ಲೈಬುರೈಡ್ ಗುಳಿಗೆಗೊಂದು ಹುಸಿ ಗುಳಿಗೆ. ಯಾರಿಗೆ ಏನು ಸಿಕ್ಕಿತೆಂದು ಯಾರಿಗೂ ಗೊತ್ತಿರಲಿಲ್ಲ. 2004ರಲ್ಲಿ ಫಲಿತಾಂಶ ಬಂತು. ಗುಳಿಗೆ ಸಕ್ಕರೆ ಇಳಿಸಿತು, ನೇರಳೆ ಚಹಾ ಇಳಿಸಲಿಲ್ಲ. ನಮ್ಮಲ್ಲಿ ಬಳಸುವುದು ಬೀಜದ ಪುಡಿ, ಆದ್ದರಿಂದ ಬ್ರೆಜಿಲ್‌ನ ತೀರ್ಪನ್ನು ಬೀಜಕ್ಕೆ ಹೊರಿಸುವಂತಿಲ್ಲ. ಬೀಜಕ್ಕೂ ಅಷ್ಟೇ ಬಿಗಿಯಾದ ಪರೀಕ್ಷೆ ಆಗಬೇಕು.

ಗಿಡದ್ದಾದರೆ ಅಪಾಯವಿಲ್ಲವೇ?

2010ರಲ್ಲಿ ದೆಹಲಿಯಲ್ಲಿ ಮಧುಮೇಹವಿದ್ದ ವಿಜ್ಞಾನಿಯೊಬ್ಬರು ಎಂದಿನಂತೆ ಸೋರೆಕಾಯಿ, ಹಾಗಲಕಾಯಿ ಸೇರಿಸಿದ ರಸ ಕುಡಿದು ಅಸ್ವಸ್ಥರಾಗಿ ತೀರಿಕೊಂಡರು. ಸೋರೆಯಲ್ಲಿ ಕೆಲವೊಮ್ಮೆ ಕುಕುರ್ಬಿಟಸಿನ್ ಎಂಬ ಕಹಿವಿಷ ಕೂಡಿಕೊಳ್ಳುತ್ತದೆ. ಐಸಿಎಂಆರ್ ನೇಮಿಸಿದ ತಜ್ಞರ ಸಮಿತಿ ಕೊಟ್ಟ ಸಲಹೆ ಯಾವ ಅಡುಗೆಮನೆಗೂ ಸಲ್ಲುವಂಥದು. ರಸ ತೆಗೆಯುವ ಮೊದಲು ಸೋರೆಯ ಒಂದು ಚೂರು ರುಚಿ ನೋಡಿ, ಕಹಿಯಿದ್ದರೆ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ. ಹಾಗಲ ಬೆರೆತರೆ ಅದರ ಕಹಿಯಲ್ಲಿ ಸೋರೆಯ ಕಹಿ ಗೊತ್ತೇ ಆಗುವುದಿಲ್ಲ.

ಗಿಡಕ್ಕೆ ನಿಜವಾದ ಗುಣವಿದ್ದರೆ ಅಪಾಯ ಇನ್ನೊಂದು ದಾರಿಯಲ್ಲಿ ಬರುತ್ತದೆ. 1979ರಲ್ಲೇ ಬ್ರಿಟನ್‌ನಿಂದ ವರದಿಯಾದ ಪ್ರಕರಣದಲ್ಲಿ ಪಾಕಿಸ್ತಾನ ಮೂಲದ ಮಹಿಳೆ ಮಧುಮೇಹದ ಕ್ಲೋರ್‌ಪ್ರೊಪಮೈಡ್ ಗುಳಿಗೆಯ ಜೊತೆ ಹಾಗಲಕಾಯಿ ಪಲ್ಯ ತಿನ್ನುತ್ತಿದ್ದರು. ಎರಡರ ಗುಣವೂ ಕೂಡಿಕೊಂಡಿತ್ತು. ಪಲ್ಯ ಬಿಡಬೇಕಿಲ್ಲ, ವೈದ್ಯರಿಗೆ ಹೇಳಬೇಕು. ಸಕ್ಕರೆ ದಿಢೀರನೆ ಇಳಿದು ಮೈ ಬೆವತು, ಕೈ ನಡುಗಿದರೆ ಕಾರಣ ಹುಡುಕಲು ಆಗ ಅವರಿಗೆ ದಾರಿ ಇರುತ್ತದೆ.

ಮೂರನೆಯ ಅಪಾಯ ಗಿಡದ್ದೇ ಅಲ್ಲ. 2008ರ ಮೊದಲ ಐದು ತಿಂಗಳಲ್ಲಿ ಸಿಂಗಪುರದ ಆಸ್ಪತ್ರೆಗಳಿಗೆ ಸಕ್ಕರೆ ತೀರ ಇಳಿದು 150 ಮಂದಿ ಬಂದರು, ನಾಲ್ವರು ಸತ್ತರು. ಹಲವರು ನುಂಗಿದ್ದು ಗಿಡಮೂಲಿಕೆಯೆಂದು ಮಾರುತ್ತಿದ್ದ ಕಾಮೋತ್ತೇಜಕ. ಅದರೊಳಗೆ ಮಧುಮೇಹದ ಗುಳಿಗೆ ಗ್ಲಿಬೆನ್‌ಕ್ಲಮೈಡ್ ಬೆರೆತಿತ್ತು. ಪೊಟ್ಟಣದ ಪುಡಿ ಎರಡೇ ದಿನದಲ್ಲಿ ಶುಗರನ್ನು ಪವಾಡದಂತೆ ಇಳಿಸಿದರೆ ಸಂತೋಷಕ್ಕಿಂತ ಮೊದಲು ಸಂಶಯ ಬರಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಮದ್ದು ಬಿಡುವುದು. ಟೈಪ್ 1 ಮಧುಮೇಹಿ ಎಲೆ ನಂಬಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತ ಆಮ್ಲವಾಗಿ ಜೀವಕ್ಕೆ ಬರುತ್ತದೆ. ಟೈಪ್ 2ರಲ್ಲಿ ನಷ್ಟ ನಿಧಾನ. ಕಣ್ಣು, ಕಿಡ್ನಿ, ಪಾದದ ನರಗಳು ವರ್ಷಗಟ್ಟಲೆ ನೋವಿಲ್ಲದೆ ಸವೆಯುತ್ತವೆ, ಮೈಗೆ ಏನೂ ಆಗಿಲ್ಲವೆಂಬ ಭ್ರಮೆ ಅಷ್ಟೂ ಕಾಲ ಉಳಿಯುತ್ತದೆ.

ಸೋತದ್ದನ್ನೂ ಬರೆದಿಡಬೇಕು

1954ರ ಕಾನೂನೊಂದು ಮಧುಮೇಹ ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದನ್ನೇ ನಿಷೇಧಿಸಿದೆ. ಗೋಡೆ, ಟಿವಿ, ಮೊಬೈಲು ನೋಡಿದರೆ ಆ ಕಾನೂನು ಇದೆಯೆಂದು ಅನ್ನಿಸುವುದಿಲ್ಲ. ಇನ್ನೊಂದೆಡೆ, ಶಾಸ್ತ್ರಗ್ರಂಥದಲ್ಲಿರುವ ಮದ್ದನ್ನು ಅಲ್ಲಿ ಹೇಳಿದಂತೆಯೇ ತಯಾರಿಸಿದರೆ ಲೈಸೆನ್ಸಿಗಾಗಿ ರೋಗಿಗಳ ಮೇಲೆ ಹೊಸ ಪ್ರಯೋಗ ಮಾಡಿ ತೋರಿಸಬೇಕಿಲ್ಲ. ಪರೀಕ್ಷೆಗೆ ಒತ್ತಾಯವಿಲ್ಲ, ಪರೀಕ್ಷೆಯಿಂದ ಲಾಭವೂ ಇಲ್ಲ. ಮೆಂತ್ಯಕ್ಕೆ, ಹಾಗಲಕ್ಕೆ ಪೇಟೆಂಟ್ ಪಡೆದು ಯಾವ ಕಂಪನಿಯೂ ಖರ್ಚು ಹುಟ್ಟಿಸಿಕೊಳ್ಳಲಾರದು.

ಆದ್ದರಿಂದ ಈ ಕೆಲಸ ಸರ್ಕಾರಿ ಹಣದಿಂದಲೇ ಆಗಬೇಕು. 2023ರ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ನಮ್ಮ ಸುತ್ತಲ ಮನೆಗಳನ್ನು ನೋಡಿದರೆ ಎಷ್ಟೋ ಮಂದಿ ಯಾವುದೋ ಎಲೆ, ಬೀಜ, ಪುಡಿ ನುಂಗುತ್ತಲೇ ಇದ್ದಾರೆ. ಹೊನ್ನೆ ಮತ್ತು ಮಧುನಾಶಿನಿಯಿಂದ ಶುರು ಮಾಡಬಹುದು, ಎರಡಕ್ಕೂ ಆಸೆ ಹುಟ್ಟಿಸುವ ಹಳೆಯ ಫಲಿತಾಂಶಗಳಿವೆ. ಗಿಡದ ಗುರುತು ಸಸ್ಯಸಂಗ್ರಹಾಲಯದಲ್ಲಿ ಇರಲಿ, ಸತ್ವದ ಅಳತೆ ಪ್ರತಿ ಕ್ಯಾಪ್ಸೂಲಿನಲ್ಲೂ ಒಂದೇ ಇರಲಿ. ನೂರಾರು ರೋಗಿಗಳು, ಚೀಟಿ ಎತ್ತಿದ ಗುಂಪುಗಳು, ಕನಿಷ್ಠ ಆರು ತಿಂಗಳು, ಎಚ್‌ಬಿಎ1ಸಿ, ಜೊತೆಗೆ ಯಕೃತ್ತು-ಕಿಡ್ನಿಯ ಪರೀಕ್ಷೆ. ಈಗಿರುವ ಗುಳಿಗೆ ಯಾರೂ ಬಿಡಬೇಕಿಲ್ಲ, ಅದರ ಮೇಲೆ ಗಿಡ ಏನು ಸೇರಿಸುತ್ತದೆಂದು ನೋಡಿದರಾಯಿತು. 2007ರಲ್ಲಿ ಶುರುವಾದ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಪ್ರಯೋಗವನ್ನು ಮೊದಲೇ ದಾಖಲಿಸಿದರೆ ಸೋಲನ್ನು ಬಚ್ಚಿಡುವುದು ಕಷ್ಟ.

ಅಲ್ಲಿಯವರೆಗೆ ಮೆಂತ್ಯವನ್ನು ಹಿಟ್ಟಿಗೆ ಬೆರೆಸಿ ರೊಟ್ಟಿ ತಟ್ಟಿ, ಹಾಗಲದ ಗೊಜ್ಜು ಮಾಡಿ ಉಣ್ಣಿ. ಊಟವಾಗಿ ಅವು ಒಳ್ಳೆಯವೇ. ಮದ್ದೆಂದು ಹೊಸದೇನಾದರೂ ಶುರು ಮಾಡುವುದಾದರೆ ವೈದ್ಯರಿಗೆ ತಿಳಿಸಿ, ಗುಳಿಗೆ ಬಿಡದೆ, ಮೊದಲೂ ಮೂರು ತಿಂಗಳ ನಂತರವೂ ಎಚ್‌ಬಿಎ1ಸಿ ಮಾಡಿಸಿ. ಇಳಿದರೆ ಸಂತೋಷ. ಇಳಿಸಿದ್ದು ಯಾರೆಂದು ಒಬ್ಬರ ರಿಪೋರ್ಟಿನಿಂದ ಗೊತ್ತಾಗುವುದಿಲ್ಲ. ಅದಕ್ಕೆ ನೂರಾರು ಮಂದಿಯ ರಿಪೋರ್ಟು ಬೇಕು, ಪಕ್ಕದಲ್ಲಿ ಹುಸಿ ಗುಳಿಗೆ ನುಂಗಿದ ನೂರಾರು ಮಂದಿಯದೂ ಬೇಕು.